ಒಂದು ಸುತ್ತಿನಲ್ಲೂ ಮೊದಲು ಬಾರದ ನಾಯಿ ಚಾಂಪಿಯನ್ ಆದದ್ದು ಸರಿಯೇ? ಅಂಕ ಪದ್ಧತಿ ಮತ್ತು ಟೈ ಬ್ರೇಕರ್ ಕುರಿತು

ಅಂಕಪಟ್ಟಿ (ಪ್ರಶ್ನೆ)

ನಮಸ್ಕಾರ. ಗ್ರೇಹೌಂಡ್ ಓಟದ ಒಂದು ಸಣ್ಣ ಟೂರ್ನಿಯಲ್ಲಿ ಅಂಕಗಳ ಲೆಕ್ಕ ಬರೆಯುವ ಹೊಣೆ ಈ ಬಾರಿ ನನ್ನ ಪಾಲಿಗೆ ಬಂದಿತ್ತು. ಲೆಕ್ಕದಲ್ಲಿ ತಪ್ಪಾಗಿಲ್ಲ, ಎರಡೆರಡು ಬಾರಿ ಕೂಡಿ ನೋಡಿದ್ದೇನೆ. ಆದರೂ ಫಲಿತಾಂಶವನ್ನು ಓದಿ ಹೇಳುವಾಗ ಮನಸ್ಸು ಒಪ್ಪಲಿಲ್ಲ. ಏಕೆ ಒಪ್ಪಲಿಲ್ಲ ಎಂಬುದನ್ನು ಬಲ್ಲವರಿಂದ ತಿಳಿದುಕೊಳ್ಳಬೇಕೆಂದು ಇದನ್ನು ಬರೆಯುತ್ತಿದ್ದೇನೆ.

480 ಮೀಟರ್ ಓಟ, ಹದಿನೆಂಟು ನಾಯಿಗಳು, ಪ್ರತಿ ಸುತ್ತಿನಲ್ಲೂ ಒಂದು ಹೀಟ್‌ಗೆ (ಒಟ್ಟಿಗೆ ಓಡುವ ಗುಂಪಿಗೆ) ಆರರಂತೆ ಮೂರು ಹೀಟ್‌ಗಳು, ಒಟ್ಟು ಮೂರು ಸುತ್ತು. ಪ್ರತಿ ಸುತ್ತಿಗೂ ಚೀಟಿ ಎತ್ತಿ ಹೊಸದಾಗಿ ಗುಂಪು ಮಾಡಲಾಗುತ್ತಿತ್ತು. ಮೊದಲು ಬಂದ ನಾಯಿಗೆ 6 ಅಂಕ, ಎರಡನೆಯದಕ್ಕೆ 5, ಹೀಗೆ ಇಳಿಯುತ್ತಾ ಕೊನೆಯದಕ್ಕೆ 1. ಒಟ್ಟು ಅಂಕ ಸಮವಾದರೆ ಮೂರು ಸುತ್ತುಗಳಲ್ಲಿ ಯಾವ ನಾಯಿಯ ಅತ್ಯುತ್ತಮ ಸಮಯ ಕಡಿಮೆಯೋ ಅದು ಮುಂದೆ ಎಂದು ನಿಯಮದಲ್ಲಿ ಒಂದೇ ಸಾಲು ಇತ್ತು.

ಮಿಂಚು ಎಂಬ ನಾಯಿ ಮೊದಲ ಎರಡು ಸುತ್ತುಗಳಲ್ಲಿ ತನ್ನ ಹೀಟ್ ಗೆದ್ದಿತು. ಮೂರನೆಯದರಲ್ಲಿ ಮೊದಲ ತಿರುವಿನಲ್ಲೇ ಒಳಬದಿಯ ನಾಯಿಯೊಂದು ಹೊರಕ್ಕೆ ವಾಲಿ ಅದರ ಭುಜಕ್ಕೆ ಬಡಿದು, ಐದನೆಯದಾಗಿ ಮುಗಿಸಿತು. ಅಲ್ಲಿಗೆ 6, 6, 2, ಒಟ್ಟು 14. ಬಾಣ ಎಂಬುದು ಎರಡು, ಮೂರು, ಎರಡು ಎಂಬ ಸ್ಥಾನಗಳಲ್ಲಿ ಬಂದು 5, 4, 5 ಗಳಿಸಿತು, ಅದೂ 14. ಕಾಡಿಗೆ ಎಂಬ ಇನ್ನೊಂದು ನಾಯಿ ಒಂದು, ನಾಲ್ಕು, ಮೂರನೇ ಸ್ಥಾನಗಳಿಂದ 13 ಅಂಕ ಪಡೆಯಿತು. ಮಿಂಚಿನ ಅತ್ಯುತ್ತಮ ಸಮಯ ಮೊದಲ ಸುತ್ತಿನ 29.31 ಸೆಕೆಂಡ್, ಬಾಣದ್ದು ಕೊನೆಯ ಸುತ್ತಿನ 29.28. ಹೀಗೆ ಬಾಣ ಚಾಂಪಿಯನ್ ಆಯಿತು.

ಮನೆಗೆ ಬಂದ ಮೇಲೆ ಅದೇ ಸ್ಥಾನಗಳಿಗೆ 10, 6, 4, 3, 2, 1 ಎಂಬ ಅಂಕಗಳನ್ನು ಹಾಕಿ ನೋಡಿದೆ. ಮಿಂಚಿಗೆ 22, ಕಾಡಿಗೆಗೆ 17, ಬಾಣಕ್ಕೆ 16 ಬಂತು. ನಾಯಿಗಳು ಓಡಿದ ಓಟ ಅದೇ, ಬಂದ ಸ್ಥಾನಗಳೂ ಅವೇ. ಆದರೂ ಚಾಂಪಿಯನ್ ಆದ ನಾಯಿ ಮೂರನೇ ಸ್ಥಾನಕ್ಕೆ ಇಳಿಯಿತು, ಟೈ ಎಂಬುದೇ ಇಲ್ಲವಾಯಿತು. ಹಾಗಿದ್ದರೆ ನಾವು ಆರಿಸಿದ್ದು ಒಳ್ಳೆಯ ನಾಯಿಯನ್ನೋ, ಅಥವಾ ನಮ್ಮ ಕೋಷ್ಟಕಕ್ಕೆ ಹೊಂದಿದ ನಾಯಿಯನ್ನೋ? ಯಾವ ಪದ್ಧತಿ ನ್ಯಾಯವಾದದ್ದು, ಮತ್ತು ಟೈ ಆದಾಗ ಮೊದಲು ನೋಡಬೇಕಾದದ್ದು ಏನು?

ಗೆರೆಯ ಬದಿ

ಅಂಕಗಳ ವಿಚಾರವನ್ನು ಬೇರೆಯವರು ಹೇಳಲಿ. ನಾನು ಬಹಳ ಕಾಲ ಮುಕ್ತಾಯದ ಗೆರೆಯ ಬಳಿ ಸಮಯ ದಾಖಲಿಸುವ ಕೆಲಸ ಮಾಡಿದ್ದರಿಂದ ಆ 29.28 ಎಂಬ ಸಂಖ್ಯೆಯ ಮೇಲೆಯೇ ನನ್ನ ಕಣ್ಣು ನಿಂತಿತು. ಬಾಣ ಆ ಓಟದಲ್ಲಿ ಎರಡನೆಯದಾಗಿ ಬಂದಿತ್ತಲ್ಲವೇ? ಹಾಗಾದರೆ ಆ ಸಮಯವನ್ನು ಗಡಿಯಾರ ಅಳೆಯಿತೋ, ಯಾರಾದರೂ ಲೆಕ್ಕ ಹಾಕಿ ಬರೆದರೋ ಎಂಬುದನ್ನು ದಯವಿಟ್ಟು ವಿಚಾರಿಸಿ.

ಇದನ್ನು ಕೇಳಲು ಕಾರಣವಿದೆ. ಅನೇಕ ಕಡೆ ಗಡಿಯಾರ ನಿಲ್ಲುವುದು ಗೆದ್ದ ನಾಯಿಗೆ ಮಾತ್ರ. ಹಿಂದೆ ಬಂದವು ಎಷ್ಟು ಲೆಂಗ್ತ್ (ಒಂದು ನಾಯಿಯ ಮೈಯುದ್ದ) ಹಿಂದೆ ಇದ್ದವು ಎಂದು ನೋಡಿ, ಪ್ರತಿ ಲೆಂಗ್ತ್‌ಗೆ ಇಷ್ಟು ಎಂದು ಗೆದ್ದ ಸಮಯಕ್ಕೆ ಕೂಡಿಸುತ್ತಾರೆ. ಬ್ರಿಟನ್ನಿನಲ್ಲಿ ಒಂದು ಲೆಂಗ್ತ್ ಎಂದರೆ 0.08 ಸೆಕೆಂಡ್, ಐರ್ಲೆಂಡಿನಲ್ಲಿ 0.07. ನಿಮ್ಮ ಓಟದಲ್ಲಿ ಗೆದ್ದ ನಾಯಿಯ ಸಮಯ 29.12 ಆಗಿದ್ದು, ಬಾಣ ಎರಡು ಲೆಂಗ್ತ್ ಹಿಂದಿತ್ತು ಎಂದು ಯಾರೋ ಬರೆದಿದ್ದರೆ ಸರಿಯಾಗಿ 29.28 ಬರುತ್ತದೆ. ಅದೇ ವ್ಯಕ್ತಿ ಎರಡೂವರೆ ಲೆಂಗ್ತ್ ಎಂದು ಬರೆದಿದ್ದರೆ 29.32 ಬಂದು ಮಿಂಚು ಚಾಂಪಿಯನ್ ಆಗುತ್ತಿತ್ತು. ಅಂದರೆ ಒಂದು ನಾಯಿಯ ಅಳೆದ ಸಮಯವನ್ನು ಇನ್ನೊಂದು ನಾಯಿಯ ಅಂದಾಜಿನ ಸಮಯದೊಂದಿಗೆ ತೂಗಿ, ಒಂದು ಸೆಕೆಂಡಿನ ನೂರರ ಮೂರು ಪಾಲಿನಷ್ಟು ಅಂತರದಲ್ಲಿ ತೀರ್ಪು ಕೊಟ್ಟಂತಾಗುತ್ತದೆ. ಈ ವೇಗದಲ್ಲಿ ನಾಯಿ ಸೆಕೆಂಡಿಗೆ ಹದಿನಾರು ಮೀಟರಿಗಿಂತ ಹೆಚ್ಚು ಓಡುತ್ತದೆ, 0.03 ಸೆಕೆಂಡ್ ಎಂದರೆ ಸುಮಾರು ಅರ್ಧ ಮೀಟರ್. ಒಂದು ಲೆಂಗ್ತ್‌ನ ಅರ್ಧಕ್ಕಿಂತಲೂ ಕಡಿಮೆ.

ಫೋಟೊ ಫಿನಿಶ್ ಕ್ಯಾಮೆರಾ ಇದ್ದರೆ ವಿಷಯ ಬೇರೆ. ಆ ಕ್ಯಾಮೆರಾ ಓಟದ ಕಣವನ್ನಲ್ಲ, ಗೆರೆಯ ಮೇಲಿನ ಕೂದಲೆಳೆಯಷ್ಟು ಅಗಲದ ಜಾಗವೊಂದನ್ನೇ ಮತ್ತೆ ಮತ್ತೆ ಹಿಡಿದು ಪಕ್ಕಪಕ್ಕಕ್ಕೆ ಜೋಡಿಸುತ್ತದೆ. ಆದ್ದರಿಂದ ಆ ಚಿತ್ರಪಟ್ಟಿಯಲ್ಲಿ ಎಡದಿಂದ ಬಲಕ್ಕೆ ಕಾಣುವುದು ದೂರವಲ್ಲ, ಸಮಯ. ಪ್ರತಿಯೊಂದು ನಾಯಿಯ ಮೂಗಿನ ತುದಿಯ ಮೇಲೆ ಗೆರೆ ಎಳೆದು ಅದರದೇ ಸಮಯವನ್ನು ಓದಿಕೊಳ್ಳಬಹುದು. ಪಟ್ಟಿ ಉಳಿದಿದ್ದರೆ ತೆಗೆದು ನೋಡಿ.

ಇನ್ನೊಂದು ಮಾತು. ಸಮಯ ಖಚಿತವಾಗಿದ್ದರೂ ಬೇರೆ ಬೇರೆ ಸುತ್ತಿನ ಸಮಯಗಳನ್ನು ಹೋಲಿಸುವುದನ್ನು ನಾನು ಒಪ್ಪುವುದಿಲ್ಲ. ಓಟದ ಹಾದಿಯ ಮರಳು ನೆನೆದಿದ್ದಾಗ ಮತ್ತು ಒಣಗಿದ್ದಾಗ ಒಂದೇ ನಾಯಿ ಒಂದೇ ದೂರವನ್ನು ಬೇರೆ ಬೇರೆ ಸಮಯದಲ್ಲಿ ಓಡುತ್ತದೆ. ಅದಕ್ಕಾಗಿಯೇ ಟ್ರ್ಯಾಕ್‌ಗಳಲ್ಲಿ ಆ ದಿನದ ಮರಳು ನಿಧಾನವೋ ಚುರುಕೋ ಎಂದು ಅಂದಾಜಿಸಿ ಸಮಯಕ್ಕೆ ಒಂದು ತಿದ್ದುಪಡಿಯನ್ನು ಪ್ರಕಟಿಸುತ್ತಾರೆ. ನಿಮ್ಮ ನಿಯಮದ ಒಂದು ಸಾಲಿನಲ್ಲಿ ಆ ತಿದ್ದುಪಡಿಗೆ ಜಾಗವೇ ಇರಲಿಲ್ಲ.

ಆರನೇ ಟ್ರ್ಯಾಪ್

ಸಮಯದ ಬಗ್ಗೆ ಹೇಳಿದ್ದು ಸರಿಯಾಗಿದೆ. ಆದರೆ ಬಾಣದ ಪರವಾಗಿ ಯಾರೂ ಮಾತನಾಡದೆ ಇರುವುದು ನನಗೆ ಸರಿಕಾಣಲಿಲ್ಲ, ಏಕೆಂದರೆ ಇಲ್ಲಿ ಅನ್ಯಾಯವಾಗಿದೆ ಎಂದು ನಾವು ಮೊದಲೇ ತೀರ್ಮಾನಿಸಿಕೊಂಡು ಹೊರಟಂತಿದೆ.

ಈ ಓಟದ ಅತ್ಯಂತ ಹೆಸರಾಂತ ಸ್ಪರ್ಧೆಯಾದ ಇಂಗ್ಲಿಷ್ ಗ್ರೇಹೌಂಡ್ ಡರ್ಬಿಯನ್ನು ನೋಡಿ. 1927ರಲ್ಲಿ ಲಂಡನ್ನಿನ ವೈಟ್ ಸಿಟಿಯಲ್ಲಿ ಆರಂಭವಾದ ಆ ಸ್ಪರ್ಧೆಯಲ್ಲಿ ಅಂಕಗಳನ್ನು ಕೂಡುತ್ತಾ ಹೋಗುವ ಪದ್ಧತಿಯೇ ಇಲ್ಲ. ಅದು ನಾಕೌಟ್, ಆರು ನಾಯಿಗಳ ಹೀಟ್‌ನಲ್ಲಿ ಸಾಮಾನ್ಯವಾಗಿ ಮೊದಲ ಮೂರು ಮುಂದಕ್ಕೆ, ಉಳಿದವು ಮನೆಗೆ. ಆ ಅಳತೆಗೋಲನ್ನು ನಿಮ್ಮ ಮೂರು ಸುತ್ತುಗಳಿಗೆ ಹಿಡಿದು ನೋಡಿ. ಕಾಡಿಗೆ ಎರಡನೇ ಸುತ್ತಿನಲ್ಲಿ ನಾಲ್ಕನೆಯದಾಗಿ ಹೊರಬೀಳುತ್ತಿತ್ತು. ಎರಡು ಸುತ್ತು ಗೆದ್ದ ಮಿಂಚು ಮೂರನೆಯದರಲ್ಲಿ ಐದನೆಯದಾಗಿ ಹೊರಬೀಳುತ್ತಿತ್ತು. ಎರಡು, ಮೂರು, ಎರಡು ಎಂದು ಬಂದ ಬಾಣ ಮಾತ್ರ ಫೈನಲ್ ತಲುಪುತ್ತಿತ್ತು. ಒಂದು ಸುತ್ತನ್ನೂ ಗೆಲ್ಲದೆ ಫೈನಲ್‌ಗೆ ಬಂದು ಅಲ್ಲಿ ಮೊದಲ ಬಾರಿಗೆ ಗೆದ್ದರೆ ಯಾರೂ ಅದನ್ನು ಪ್ರಶ್ನಿಸುವುದಿಲ್ಲ.

ಹಾಗೆಂದು ನಾಕೌಟ್ ಪದ್ಧತಿಯೂ ನಿರ್ದೋಷಿಯಲ್ಲ. ಅಲ್ಲಿ ಎಲ್ಲವೂ ಕೊನೆಯ ಮೂವತ್ತು ಸೆಕೆಂಡಿನ ಮೇಲೆ ನಿಂತಿರುವುದರಿಂದ, ಆ ಓಟ ಕೆಟ್ಟರೆ ಏನು ಮಾಡಬೇಕೆಂಬ ನಿಯಮವೇ ಚಾಂಪಿಯನ್ನನ್ನು ನಿರ್ಧರಿಸಿಬಿಡಬಹುದು. ಮಿಕ್ ದ ಮಿಲ್ಲರ್ ಎಂಬ ಪ್ರಸಿದ್ಧ ನಾಯಿಯ ಕಥೆಯಲ್ಲಿ ಇದು ಎರಡು ಬಾರಿ ನಡೆದಿದೆ. 1929ರ ಫೈನಲ್‌ನಲ್ಲಿ ಮೊದಲು ಗುರಿ ಮುಟ್ಟಿದ್ದು ಪ್ಯಾಲಟೈನಸ್. ಆದರೆ ಆ ಓಟವನ್ನು ರದ್ದುಮಾಡಿ ಮತ್ತೆ ಓಡಿಸಿದಾಗ ಗೆದ್ದದ್ದು ಮಿಕ್. ಮರುವರ್ಷವೂ ಅದೇ ಗೆದ್ದಿತು. 1931ರಲ್ಲಿ ಮಿಕ್ ಮೊದಲು ಬಂದಿತಾದರೂ, ರೈಲ್ಯಾಂಡ್ ಆರ್ ಎಂಬ ನಾಯಿ ಓಟದ ನಡುವೆ ಇನ್ನೊಂದಕ್ಕೆ ಅಡ್ಡಿಪಡಿಸಿದ್ದರಿಂದ ಓಟ ರದ್ದಾಯಿತು. ಮರು ಓಟದಲ್ಲಿ ಸೆಲ್ಡಮ್ ಲೆಡ್ ಗೆದ್ದಿತು. ನಿಮ್ಮ ಮೂರನೇ ಸುತ್ತಿನಲ್ಲಿ ಮಿಂಚಿಗೆ ಬಡಿದದ್ದು ಬೇಕೆಂದು ಮಾಡಿದ ಅಡ್ಡಿಯೋ, ತಿರುವಿನಲ್ಲಿ ಸಹಜವಾಗಿ ಆಗುವ ಡಿಕ್ಕಿಯೋ ಎಂಬ ಪ್ರಶ್ನೆಯನ್ನು ಟೈ ಬ್ರೇಕರಿಗೆ ಮೊದಲೇ ಕೇಳಬೇಕಾಗಿತ್ತು.

ಈಗ ನಿಮ್ಮ ಅಂಕಗಳ ವಿಚಾರ. 6, 5, 4, 3, 2, 1 ಎಂದು ಇಳಿಸಿದಾಗ ಒಂದನೇ ಮತ್ತು ಎರಡನೇ ಸ್ಥಾನದ ನಡುವಿನ ಬೆಲೆ ಎಷ್ಟೋ, ಐದನೇ ಮತ್ತು ಆರನೇ ಸ್ಥಾನದ ನಡುವಿನ ಬೆಲೆಯೂ ಅಷ್ಟೇ ಎಂದು ಹೇಳಿದಂತಾಗುತ್ತದೆ. ಓಟ ನೋಡುವವರು ಯಾರೂ ಅದನ್ನು ಒಪ್ಪಲಾರರು. ಮೊದಲ ತಿರುವಿನಲ್ಲಿ ಸಿಕ್ಕಿಬಿದ್ದ ನಾಯಿ ನಾಲ್ಕನೆಯದಾಗಿ ಬಂದಿತೋ ಆರನೆಯದಾಗಿ ಬಂದಿತೋ ಎಂಬುದು ಬಹುಪಾಲು ಆ ಗಲಿಬಿಲಿಯ ಫಲವೇ ಹೊರತು ನಾಯಿಯ ಯೋಗ್ಯತೆಯ ಅಳತೆಯಲ್ಲ. 10, 6, 4 ಎಂಬ ಪದ್ಧತಿ ಗೆಲುವಿಗೆ ಬೆಲೆ ಕೊಟ್ಟು ಬಾಲದ ಗೊಂದಲವನ್ನು ಕಡೆಗಣಿಸುತ್ತದೆ. ಆದರೆ ಚೀಟಿಯಲ್ಲಿ ದುರ್ಬಲ ಹೀಟ್ ಸಿಕ್ಕ ನಾಯಿಗೆ ಅದು ಅತಿಯಾದ ಲಾಭವನ್ನೂ ಕೊಡುತ್ತದೆ. ಕಾಡಿಗೆಯ ಒಂದೇ ಗೆಲುವು ಅದನ್ನು ಬಾಣಕ್ಕಿಂತ ಮೇಲಕ್ಕೆ ಎತ್ತಿದ್ದು ಹಾಗೆಯೇ. ಗುಂಪುಗಳನ್ನು ಬರಿಯ ಚೀಟಿಯಿಂದ ಮಾಡುವವರೆಗೆ ಮೇಲಿನ ಸ್ಥಾನಕ್ಕೆ ಅಷ್ಟು ಭಾರ ಹಾಕಬಾರದು ಎಂಬುದು ನನ್ನ ಅಭಿಪ್ರಾಯ. ಹಿಂದಿನ ಸುತ್ತಿನ ಅಂಕಗಳನ್ನು ನೋಡಿ ಸಮಬಲದ ನಾಯಿಗಳನ್ನು ಒಂದೇ ಹೀಟ್‌ಗೆ ಹಾಕಿದರೆ ಮಾತು ಬೇರೆ. ಆದರೆ ಆಗ ಪ್ರತಿಯೊಂದು ಹೀಟ್‌ಗೂ ಬೇರೆ ಅಂಕಗಳು ಬೇಕಾಗುತ್ತವೆ, ಇಲ್ಲದಿದ್ದರೆ ಮೂರನೇ ದರ್ಜೆಯ ಹೀಟ್ ಗೆದ್ದ ನಾಯಿಗೂ ಮೊದಲ ದರ್ಜೆಯ ಹೀಟ್ ಗೆದ್ದ ನಾಯಿಗೂ ಒಂದೇ ಅಂಕ ಸಿಗುತ್ತದೆ.

ಹಿಮದ ಹಾದಿ

ನಾನು ಸ್ಲೆಡ್ (ಹಿಮದ ಮೇಲೆ ಜಾರುವ ಬಂಡಿ) ಎಳೆಯುವ ನಾಯಿಗಳ ಓಟವನ್ನು ಹಿಂಬಾಲಿಸುವ ಅಭಿಮಾನಿ. ಆ ಕಡೆಯಿಂದ ಒಂದೆರಡು ವಿಷಯಗಳನ್ನು ಸೇರಿಸುತ್ತೇನೆ.

ಅಲಾಸ್ಕಾದ ಆಂಕರೇಜ್‌ನಲ್ಲಿ ನಡೆಯುವ ಫರ್ ರಾಂಡಿ ಓಟದಲ್ಲಿ ಮೂರು ದಿನ, ದಿನಕ್ಕೆ 25 ಮೈಲಿಯಂತೆ ಓಡಿ, ಮೂರೂ ದಿನದ ಸಮಯವನ್ನು ಕೂಡುತ್ತಾರೆ. ಸಮಯ ಕೂಡುವ ಪದ್ಧತಿಯಲ್ಲಿ ಟೈ ಎಂಬುದು ಇಲ್ಲವೆನ್ನುವಷ್ಟು ಅಪರೂಪ. ಎಷ್ಟು ಅಂತರದಿಂದ ಗೆದ್ದರು ಎಂಬ ಮಾಹಿತಿಯೂ ಹಾಳಾಗುವುದಿಲ್ಲ. ಅಂಕ ಪದ್ಧತಿಯಲ್ಲಿ ಮೂಗಿನಷ್ಟು ಅಂತರಕ್ಕೂ ಹತ್ತು ಲೆಂಗ್ತ್ ಅಂತರಕ್ಕೂ ಒಂದೇ ಅಂಕ. ಆದರೆ ಒಂದು ದಿನದ ಒಂದು ಎಡವಟ್ಟು ಮೂರು ದಿನದ ಮೊತ್ತವನ್ನು ನುಂಗಿಹಾಕುತ್ತದೆ. ತಮ್ಮ ಟೂರ್ನಿಯಲ್ಲಿ ಸಮಯಗಳನ್ನು ಕೂಡಿ ನೋಡಿದರೆ ಡಿಕ್ಕಿಯಾದ ಸುತ್ತಿನಿಂದಾಗಿ ಮಿಂಚು ಬಹುಶಃ ಹಿಂದೆ ಬೀಳುತ್ತದೆ. ತಿರುವುಗಳಿರುವ, ಆರು ನಾಯಿಗಳು ಒಟ್ಟಿಗೆ ನುಗ್ಗುವ ಅರ್ಧ ನಿಮಿಷದ ಓಟಕ್ಕೆ ಈ ಪದ್ಧತಿ ಒಗ್ಗುವುದಿಲ್ಲ ಎಂದೇ ನನಗನ್ನಿಸುತ್ತದೆ. ಸ್ಲೆಡ್ ಓಟದಲ್ಲಿ ತಂಡಗಳು ಒಂದರ ಹಿಂದೆ ಒಂದು ಬಿಡುವುದರಿಂದ ಡಿಕ್ಕಿಯ ಪ್ರಶ್ನೆ ಕಡಿಮೆ.

ಟೈ ಬ್ರೇಕರಿಗಿಂತ ಮೊದಲು ಯಾವುದನ್ನು ಅಳೆಯುತ್ತೇವೆ ಎಂಬುದು ಸ್ಪಷ್ಟವಾಗಿರಬೇಕು ಎನ್ನುವುದಕ್ಕೆ 1978ರ ಇಡಿಟರಾಡ್ ಓಟಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಆಂಕರೇಜ್‌ನಿಂದ ನೋಮ್‌ವರೆಗೆ ಸುಮಾರು ಸಾವಿರ ಮೈಲಿ, ಎರಡು ವಾರ ದಾಟಿದ ಓಟ. ಡಿಕ್ ಮ್ಯಾಕಿ ಮತ್ತು ರಿಕ್ ಸ್ವೆನ್ಸನ್ ಅವರ ತಂಡಗಳು ಊರಿನ ಬೀದಿಯಲ್ಲಿ ಅಕ್ಕಪಕ್ಕದಲ್ಲೇ ಬಂದವು. ಮ್ಯಾಕಿಯವರ ಮುಂದಾಳು ನಾಯಿಯ ಮೂಗು ಮೊದಲು ಗೆರೆ ದಾಟಿತ್ತು. ಗೆರೆ ದಾಟಬೇಕಾದದ್ದು ನಾಯಿಯ ಮೂಗೋ, ಇಡೀ ಸ್ಲೆಡ್ಡೋ, ಅದನ್ನು ಓಡಿಸುವ ಮನುಷ್ಯನೋ ಎಂಬ ಪ್ರಶ್ನೆ ಅಲ್ಲಿಯೇ ಎದ್ದಿತು. ಮೂಗನ್ನೇ ಲೆಕ್ಕಕ್ಕೆ ಹಿಡಿದು ಒಂದೇ ಒಂದು ಸೆಕೆಂಡಿನ ಅಂತರದಲ್ಲಿ ಮ್ಯಾಕಿ ಗೆದ್ದರೆಂದು ತೀರ್ಮಾನವಾಯಿತು. ದಾಖಲೆಯಲ್ಲಿರುವ ಅವರ ಸಮಯ 14 ದಿನ, 18 ಗಂಟೆ, 52 ನಿಮಿಷ, 24 ಸೆಕೆಂಡ್.

ಫ್ಲೈಬಾಲ್ ಬಲ್ಲವರಿಗೆ ಇನ್ನೊಂದು ತೊಡಕು ಗೊತ್ತಿರುತ್ತದೆ. ಅಡೆತಡೆ ಹಾರಿ ಹೋಗಿ ಚೆಂಡು ತರುವ ನಾಲ್ಕು ನಾಯಿಗಳ ಆ ರಿಲೇಯಲ್ಲಿ ಉತ್ತರ ಅಮೆರಿಕದ ನಾಫಾ ಸಂಘದ ನಿಯಮದಂತೆ ತಂಡ 24 ಸೆಕೆಂಡಿಗಿಂತ ಕಡಿಮೆ ಸಮಯದಲ್ಲಿ ಮುಗಿಸಿದರೆ ಓಡಿದ ಪ್ರತಿ ನಾಯಿಗೂ ಬಿರುದಿನ ಲೆಕ್ಕಕ್ಕೆ 25 ಅಂಕ, 28ಕ್ಕಿಂತ ಕಡಿಮೆಯಾದರೆ 5 ಅಂಕ, 32ಕ್ಕಿಂತ ಕಡಿಮೆಯಾದರೆ 1. 23.99ಕ್ಕೂ 24.00ಕ್ಕೂ ನಡುವೆ ಇಪ್ಪತ್ತು ಅಂಕಗಳ ಕಂದಕವಿದೆ. ಎಲ್ಲಿ ಇಂಥ ಮೆಟ್ಟಿಲುಗಳಿರುತ್ತವೆಯೋ ಅಲ್ಲಿ ತಂಡಗಳು ಮೆಟ್ಟಿಲನ್ನು ನೋಡಿಕೊಂಡೇ ನಾಯಿಗಳನ್ನು ಆರಿಸುತ್ತವೆ.

ಪಶುವೈದ್ಯೆ

ಟೈ ಆದರೆ ಎರಡೂ ನಾಯಿಗಳನ್ನು ಮತ್ತೊಮ್ಮೆ ಓಡಿಸಿ ನೋಡಬಹುದಲ್ಲ ಎಂದು ಯಾರಾದರೂ ಸೂಚಿಸುವ ಮೊದಲೇ ಇದನ್ನು ಹೇಳಿಬಿಡುತ್ತೇನೆ. ನಿಜವಾದ ಮೊಲದ ಬದಲು ಕೃತಕ ಮೊಲವನ್ನು ಬೆನ್ನಟ್ಟಿಸುವ ಲೂರ್ ಕೋರ್ಸಿಂಗ್‌ನಲ್ಲಿ ಟೈ ಬಿಡಿಸಲು ಮರು ಓಟದ ಪದ್ಧತಿ ಇದೆ, ಮತ್ತು ಅಲ್ಲಿ ಮಾಲೀಕರು ಓಡಿಸದೆ ಸ್ಥಾನ ಬಿಟ್ಟುಕೊಡಲೂ ಅವಕಾಶವಿರುತ್ತದೆ. ಆ ಎರಡನೇ ಅವಕಾಶ ಇರುವುದು ಸುಮ್ಮನೆ ಅಲ್ಲ. ಪೂರ್ತಿ ವೇಗದಲ್ಲಿ ಒಂದು ಓಟ ಮುಗಿಸಿದ ಗ್ರೇಹೌಂಡ್‌ನ ದೇಹದ ಉಷ್ಣತೆ 41 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಬಾಯಿ ತೆರೆದು, ನಾಲಿಗೆ ಚಮಚದಂತೆ ಅಗಲವಾಗಿ ಹೊರಚಾಚಿ, ಪಕ್ಕೆಗಳು ಏರಿಳಿಯುತ್ತಿರುವ ನಾಯಿಯನ್ನು ನೀವೆಲ್ಲರೂ ನೋಡಿದ್ದೀರಿ. ಆ ಸ್ಥಿತಿಯಲ್ಲಿರುವ ನಾಯಿಯನ್ನು ಅದೇ ಸಂಜೆ ಮತ್ತೆ ಟ್ರ್ಯಾಪ್‌ಗೆ (ಓಟ ಹೊರಡುವ ಪೆಟ್ಟಿಗೆಗೆ) ಹಾಕಿದರೆ ಸ್ನಾಯು ಹರಿಯುವ, ತಿರುವಿನಲ್ಲಿ ಮಣಿಕಟ್ಟಿನ ಮೂಳೆ ಮುರಿಯುವ ಅಪಾಯವನ್ನು ನಾವೇ ತಂದುಕೊಂಡಂತೆ. ನಾಯಿ ತಾನು ಓಡಲಾರೆ ಎಂದು ಹೇಳುವುದಿಲ್ಲ. ಮೊಲ ಸದ್ದುಮಾಡುತ್ತಾ ಹೊರಟರೆ ಅದು ಓಡಿಯೇ ಓಡುತ್ತದೆ.

ಅಲ್ಲದೆ ಹಾಗೆ ಓಡಿಸಿದರೆ ಅಳೆದಂತಾಗುವುದು ಯಾವ ನಾಯಿ ವೇಗವಾದದ್ದು ಎಂಬುದನ್ನಲ್ಲ, ಯಾವುದು ಬೇಗ ಚೇತರಿಸಿಕೊಂಡಿತು ಎಂಬುದನ್ನು. ಕೊನೆಯ ಹೀಟ್‌ನಲ್ಲಿ ಓಡಿದ ನಾಯಿಗೆ ಮೊದಲ ಹೀಟ್‌ನಲ್ಲಿ ಓಡಿದ ನಾಯಿಗಿಂತ ಕಡಿಮೆ ವಿಶ್ರಾಂತಿ ಸಿಕ್ಕಿರುತ್ತದೆ. ಮರು ಓಟವೇ ಬೇಕೆಂದರೆ ಬೇರೆ ದಿನ ಇಡಿ. ಆಗದಿದ್ದರೆ ಇಬ್ಬರಿಗೂ ಪಟ್ಟ ಕೊಡಿ. ಜಂಟಿ ಚಾಂಪಿಯನ್ ಎಂದು ಘೋಷಿಸುವುದನ್ನು ಸೋಲು ಎಂಬಂತೆ ಆಯೋಜಕರು ಏಕೆ ಕಾಣುತ್ತಾರೋ ನನಗೆ ಅರ್ಥವಾಗಿಲ್ಲ.

ಅಂಕಪಟ್ಟಿ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ವಂದನೆಗಳು. ಗೆರೆಯ ಬದಿಯವರು ಹೇಳಿದಂತೆ ವಿಚಾರಿಸಿದೆ, ಅವರ ಊಹೆ ಅಕ್ಷರಶಃ ನಿಜವಾಗಿತ್ತು. ಗೆದ್ದ ನಾಯಿಯ ಸಮಯ 29.12, ಬಾಣದ ಮುಂದೆ ಪೆನ್ಸಿಲ್‌ನಲ್ಲಿ 'ಎರಡು ಲೆಂಗ್ತ್' ಎಂದಷ್ಟೇ ಬರೆದಿತ್ತು. ಫೋಟೊ ಫಿನಿಶ್ ಪಟ್ಟಿ ಅದೃಷ್ಟಕ್ಕೆ ಉಳಿದಿತ್ತು. ಪರದೆಯ ಮೇಲೆ ಅದನ್ನು ದೊಡ್ಡದು ಮಾಡಿ, ಬಾಣದ ಮೂಗಿನ ತುದಿಗೆ ಗೆರೆಯನ್ನು ಸರಿಸುತ್ತಾ ಹೋದೆವು. 29.30 ಎಂದು ತೋರಿಸಿತು. ಬಾಣವೇ ಮುಂದೆ, ಆದರೆ ಈಗ ಅಂತರ ಕೇವಲ 0.01 ಸೆಕೆಂಡ್, ಅಂದರೆ ಹದಿನಾರು ಸೆಂಟಿಮೀಟರಿನಷ್ಟು. ಅದೂ ಒಟ್ಟಿಗೆ ಓಡಿದ ಓಟದಲ್ಲಿ ಅಲ್ಲ, ಮಿಂಚಿನ 29.31 ದಾಖಲಾದ ಮೊದಲ ಸುತ್ತಿನ ದಿನ ಮಳೆ ಬಂದು ಮರಳು ನೆನೆದಿತ್ತು.

ಮೂರು ಸುತ್ತಿನ ಸಮಯಗಳನ್ನೂ ಕೂಡಿ ನೋಡಿದೆ. ಮಿಂಚಿನದು 29.31, 29.40, 30.06, ಒಟ್ಟು 88.77. ಬಾಣದ್ದು 29.52, 29.61, 29.30, ಒಟ್ಟು 88.43. ಹಿಮದ ಹಾದಿಯವರು ಅಂದಾಜಿಸಿದಂತೆಯೇ ಆಯಿತು. ಒಟ್ಟು ಸಮಯ, ಪರಸ್ಪರ ಎದುರಾದ ಏಕೈಕ ಓಟ, ಕೊನೆಯ ಸುತ್ತು, ನಾಕೌಟ್ ಎಂಬ ನಾಲ್ಕು ದಾರಿಗಳಲ್ಲಿ ಬಾಣ ಮುಂದೆ. ಗೆಲುವುಗಳ ಎಣಿಕೆ ಮತ್ತು ಮೇಲಿನ ಸ್ಥಾನಕ್ಕೆ ಹೆಚ್ಚು ಅಂಕ ಕೊಡುವ ಪದ್ಧತಿಯಲ್ಲಿ ಮಿಂಚು ಮುಂದೆ. ಆದ್ದರಿಂದ ಬಾಣಕ್ಕೆ ಪಟ್ಟ ಸಿಗಬಾರದಿತ್ತು ಎಂಬ ನನ್ನ ಮೊದಲಿನ ಅನಿಸಿಕೆಯನ್ನು ಹಿಂತೆಗೆದುಕೊಳ್ಳುತ್ತೇನೆ. ಓಟಕ್ಕೆ ಮೊದಲು ಪ್ರಕಟಿಸಿದ ನಿಯಮದಂತೆ ಬಂದ ಫಲಿತಾಂಶ ಹಾಗೆಯೇ ಉಳಿಯುತ್ತದೆ. ಡಿಕ್ಕಿಯ ಬಗ್ಗೆ ತೀರ್ಪುಗಾರರ ವರದಿಯಲ್ಲಿಯೂ ಅಡ್ಡಿಪಡಿಸುವ ಉದ್ದೇಶ ಕಾಣಲಿಲ್ಲ ಎಂದೇ ಇದೆ.

ಮುಂದಿನ ಟೂರ್ನಿಗೆ ಈ ಕರಡನ್ನು ಇಟ್ಟಿದ್ದೇನೆ. ಅಂಕಗಳು 8, 6, 4, 3, 2, 1. ಟೈ ಆದರೆ ಮೊದಲು ಗೆಲುವುಗಳ ಸಂಖ್ಯೆ, ಅದೂ ಸಮವಾದರೆ ಎರಡನೇ ಸ್ಥಾನಗಳ ಸಂಖ್ಯೆ. ಆಮೇಲೆ ಆ ನಾಯಿಗಳು ಒಂದೇ ಹೀಟ್‌ನಲ್ಲಿ ಓಡಿದ್ದರೆ ಅಲ್ಲಿ ಯಾವುದು ಮುಂದಿತ್ತು ಎಂಬುದು. ಎರಡಕ್ಕಿಂತ ಹೆಚ್ಚು ನಾಯಿಗಳು ಸಮವಾಗಿದ್ದರೆ ಈ ಹಂತ ಅನ್ವಯಿಸುವುದಿಲ್ಲ, ಏಕೆಂದರೆ ಒಂದು ಇನ್ನೊಂದನ್ನು, ಅದು ಮತ್ತೊಂದನ್ನು, ಮತ್ತೊಂದು ಮೊದಲನೆಯದನ್ನು ಸೋಲಿಸಿ ಸುತ್ತು ಸುತ್ತಿಕೊಂಡಿರಬಹುದು. ಸಮಯವನ್ನು ಫೋಟೊ ಫಿನಿಶ್ ಪಟ್ಟಿಯಿಂದ ಓದಿದ್ದಾದರೆ ಮಾತ್ರ, ಒಂದೇ ದಿನದ ಓಟಗಳ ನಡುವೆ ಮಾತ್ರ ಹೋಲಿಸಬೇಕು. ಅಲ್ಲಿಗೂ ತೀರದಿದ್ದರೆ ಜಂಟಿ ಚಾಂಪಿಯನ್. ಮರು ಓಟ ಇಲ್ಲ. ಹೊಸ ಅಂಕಗಳನ್ನು ಹಳೆಯ ಸ್ಥಾನಗಳಿಗೆ ಹಾಕಿದರೆ ಮಿಂಚಿಗೆ 18, ಬಾಣಕ್ಕೆ 16, ಕಾಡಿಗೆಗೆ 15 ಬರುತ್ತದೆ. ಏನಾದರೂ ಬಿಟ್ಟುಹೋಗಿದ್ದರೆ ತಿಳಿಸಿ.

ಆರನೇ ಟ್ರ್ಯಾಪ್

ಕರಡು ಚೆನ್ನಾಗಿದೆ. ಎರಡು ಜಾಗಗಳು ಖಾಲಿ ಉಳಿದಿವೆ. ಒಂದು, ಗಾಯದಿಂದಲೋ ಹೆಣ್ಣು ನಾಯಿ ಬೆದೆಗೆ ಬಂದದ್ದರಿಂದಲೋ ಒಂದು ಹೀಟ್‌ನಲ್ಲಿ ಐದೇ ನಾಯಿಗಳು ಓಡಿದರೆ, ಅಲ್ಲಿ ಕೊನೆಯದಾಗಿ ಬಂದ ನಾಯಿಗೆ 2 ಅಂಕ ಸಿಗುತ್ತದೆ, ಆರು ನಾಯಿಗಳ ಹೀಟ್‌ನಲ್ಲಿ ಕೊನೆಯದಾಗಿ ಬಂದದ್ದಕ್ಕೆ 1. ಮೂರೇ ಸುತ್ತುಗಳ ಟೂರ್ನಿಯಲ್ಲಿ ಟೈ ಹುಟ್ಟಿಸಲು ಅಥವಾ ಮುರಿಯಲು ಆ ಒಂದು ಅಂಕ ಸಾಕು. ಯಾವ ಹೀಟ್ ಆದರೂ ಕೊನೆಯ ನಾಯಿಗೆ 1 ಎಂದೇ ಬರೆದುಬಿಡಿ. ಎರಡು, ಓಟದ ನಡುವೆ ಜಗಳವಾಡಿ ಅನರ್ಹಗೊಂಡ ನಾಯಿಯ ಸ್ಥಾನ ಖಾಲಿ ಉಳಿಯುತ್ತದೆಯೋ, ಹಿಂದಿನವು ಒಂದೊಂದು ಮೆಟ್ಟಿಲು ಮೇಲೇರುತ್ತವೆಯೋ? ಮೇಲೇರುತ್ತವೆ ಎಂದು ಬರೆಯಿರಿ ಎಂಬುದು ನನ್ನ ಸಲಹೆ, ಆದರೆ ಅದು ಗೆಲುವಿನ ಎಣಿಕೆಗೆ ಸೇರುತ್ತದೆಯೇ ಎಂಬುದನ್ನೂ ಅದೇ ಸಾಲಿನಲ್ಲಿ ಹೇಳಿ. ಚೀಟಿ ಎತ್ತುವ ದಿನಕ್ಕೆ ಮೊದಲೇ ಈ ಹಾಳೆಯನ್ನು ಎಲ್ಲ ಮಾಲೀಕರ ಕೈಗೂ ಕೊಟ್ಟು ಸಹಿ ಪಡೆದುಕೊಳ್ಳಿ.